ಸೋಮವಾರದ ಮೌನ

ಝರಾಸಂಗಂ
22-11-1978

ದಶರಥಗ ಅವ್ವನ ಆಶೀರ್ವಾದ.

ನಾವೆಲ್ಲ ಅರಾಮ ಇದ್ದೀವಿ ಅಂತ ಬರೀಬೇಕು, ಬರೀತೀನಿ. ಖರೆ ನನಗ ತಾಂಡೂರಿನಾಗ ನಿನಗ ಹುಡುಗಿ ನೋಡಿ ಬಂದಾಗಿಂದ ಅನ್ನ ಸೇರವಲ್ದು. ನೀ ರೈಲಿಗೆ ಹೊತ್ತಾತಂತ ಎದ್ದು ಹೋದ ಮ್ಯಾಲ ನಾನು, ನಿಮ್ಮ ಮನ್ಮಥಪ್ಪ ಮಾವ ಅವರ ಪಡಸಾಲಿದಾಗೇ ಕುಂತಿದ್ವಿ. ಅಲ್ಲಿ ಏನಾತು ಅಂತ ನಿನಗ ಗೊತ್ತಾಗಬೇಕು.

ನಾ ಅಂದ ಮಾತಿಗೆ ನಿನಗ ಸಿಟ್ಟು ಬಂದದ. ಏನು ಮಾಡಲಪ್ಪ. ಹುಡುಗಿ ಅಪ್ಪ ಹಣಮಂತರಾಯರು 'ಹೈದ್ರಾಬಾದಿನಾಗ ಏನು ಕೆಲಸ ಮಾಡ್ತೀಯಪಾ' ಅಂತ ಕೇಳಿದ್ರು. ನಿನ್ನ ತುಟಿ ನಡಗಾಕ ಹತ್ತಿದ್ವು, ಕುತ್ತಿಗಿ ನರ ಎದ್ದಿತು. ಎಲ್ಲಾರೂ ನಿನ್ನ ಬಾಯೇ ನೋಡಾಕ ಹತ್ತಿದ್ರು. ನನ್ನ ಬಾಯಿಂದ ತಾನೇ ಬಂತು: 'ಇವತ್ತು ಕಾರ್ತಿಕ ಸೋಮವಾರ ಅಲ್ರಿ, ನಮ್ಮ ಸಂಗಮೇಶ್ವರಗ ಬೇಡ್ಕೊಂಡಾನ, ದೀಪ ಹಚ್ಚೂತನ ಮೌನ.' ಬಂದದ್ದು ಬಂತು, ವಾಪಸ್ ನುಂಗಾಕ ಆಗಲಿಲ್ಲ.

ನೀ ಹೋದ ಮ್ಯಾಲ ಹಣಮಂತರಾಯರು ಕೈ ಮುಗದು 'ಈ ಕಾಲದಾಗ ಇಂಥಾ ಹುಡುಗ' ಅಂದ್ರು. ಅವರವ್ವ ಮೈಸಮ್ಮ ಗೋಡಿಗೆ ಆನಕೊಂಡು ಎಲಿ ಹಾಕ್ಕೊಳ್ತಿದ್ದಳು. 'ನನ್ನ ಗಂಡ ವಾರದಾಗ ಒಂದು ದಿನ ಇಂಥಾ ಹರಕಿ ಹೊತ್ತಿದ್ರ ನಾ ಇನ್ನೂ ಸಣ್ಣಾಕಿ ಇದ್ದಾಂಗ ಕಾಣ್ತಿದ್ದೆ' ಅಂದಳು. ಎಲ್ಲಾರೂ ನಕ್ಕರು. ಆಮ್ಯಾಲ ನಿಮ್ಮಿಬ್ಬರ ಹೆಸರಿನ ಮಾತು ಬಂತು. ದಶರಥಗ ಕೌಶಲ್ಯಾ, ದೇವರೇ ಕೂಡಿಸ್ಯಾನ, ನಡಬರಕ ಕೈಕೇಯಿ ಒಬ್ಬಾಕಿ ಬರದಿದ್ರ ಸಾಕು ಅಂತ ಮುದುಕಿ ಮತ್ತ ನಗಸಿದಳು. ನಾ ನಕ್ಕೆ.

ಲಗ್ನ ಫಾಲ್ಗುಣದಾಗ ಅಂತ ಮಾವ ಮಾತು ಪಕ್ಕಾ ಮಾಡ್ಯಾನ. ನನಗಿರೂ ಫಿಕರ ಹೊಸ್ತಿಲದ್ದು. ಮದುಮಕ್ಕಳು ಮನಿ ತುಂಬೂ ಮುಂದ ನಿನ್ನ ಸೋದರತ್ತೆಂದಿರು ಬಾಗಿಲು ಹಿಡದು ನಿಲ್ತಾರ. ಒಡಪು ಹಾಕಿ ಹೆಂಡತಿ ಹೆಸರು ಹೇಳೂತನ ಒಳಗ ಬಿಡೂದಿಲ್ಲ. ಕ ಅಕ್ಷರ ನಿನಗ ಸಣ್ಣಂದಿನಿಂದ ಆಗೂದಿಲ್ಲ. ಎರಡೂ ಊರಿನ ಮಂದಿ ನಿಂತಿರ್ತಾರ. ಅಲ್ಲಿ ನೀ ಸಿಕ್ಕೊಂಡ್ರ, ಸೋಮವಾರ ಅಂತ ಇನ್ನೊಮ್ಮಿ ಹೇಳಾಕ ಬರ್ತದೇನು.

ನಿನ್ನ ಮಾತು ತಿದ್ದೂ ಆ ದವಾಖಾನಿ ಮೇಡಂಗ ಹೇಳು, ಫಾಲ್ಗುಣದೊಳಗ ಬರೋಬರಿ ಮಾಡ್ರಿ ಅಂತ. ಬಜಿ ಬೇರು ಕಳಸೀನಿ. ಮುಂಜಾನೆ ತೇಯ್ದು ನಾಲಿಗಿಗೆ ಹಚ್ಚು. ನನ್ನ ಅಕ್ಷರ ನೆಟ್ಟಗಿಲ್ಲ, ಮಠದಾಗ ಕಲಿಯೂದು ಅರ್ಧಕ್ಕ ನಿಂತದ್ದು ನಿನಗ ಗೊತ್ತೇ ಅದ, ತಿದ್ದಿಕೊಂಡು ಓದು.

ನಿನ್ನ ಅವ್ವ
ಶಂಕರಮ್ಮ

•

ಹೈದ್ರಾಬಾದ್
3-12-1978

ಅವ್ವಾ,

ಬಜಿ ಬೇರು ಮುಟ್ಟಿತು. ಹಚ್ಚಿಲ್ಲ. ಸಣ್ಣಂವ ಇದ್ದಾಗ ಹಚ್ಚಿದ್ದೇ ಇನ್ನೂ ಬಾಯಾಗ ಉರೀತದ.

ಮೇಡಂಗ ಫಾಲ್ಗುಣ ಅಂದೆ. ಅವರು ತೆಲುಗಿನಾಗ, ಇದು ಜ್ವರ ಅಲ್ಲ ಇಷ್ಟು ದಿನಕ್ಕ ಇಳೀತದ ಅನ್ನಾಕ, ಅಂದ್ರು. ನಾಲಿಗಿ ದಪ್ಪ ಆಗಿಲ್ಲ, ದೇವರ ಸಿಟ್ಟಲ್ಲ, ಅವ್ವ ಅಪ್ಪ ಮಾಡಿದ್ದಲ್ಲ ಅಂತ ಪೈಲೇ ಹೇಳ್ಯಾರ. ಕನ್ನಡಿ ಮುಂದ ಕುಂದ್ರಸ್ತಾರ. ಮಾತು ಶುರು ಮಾಡೂ ಮುಂದ ಗಂಟಲ ಬಿಗೀದೆ ಉಸುರು ಬಿಡು, ಮೊದಲ ಅಕ್ಷರ ಎಳದು ಮೆಲ್ಲಕ ಬಿಡು ಅಂತಾರ. ಅಲ್ಲಿ ಲಕ್ವಾ ಹೊಡದ ಒಬ್ಬ ವಕೀಲರು ಬರ್ತಾರ. ಅವರಿಗೆ ಮಾತೇ ನೆನಪಿಗೆ ಸಿಗೂದಿಲ್ಲ. ನನಗ ಸಿಕ್ತದ, ಬಾಗಿಲು ತೆರೀವಲ್ದು. ಇಬ್ಬರೂ ಬಾಕಿನ ಮ್ಯಾಲ ಕುಂತು ಸುಮ್ನ ಚಹಾ ಕುಡೀತೀವಿ.

ಮೇಡಂ ಇನ್ನೊಂದು ಮಾತು ಅಂದ್ರು. ತೊದಲೂದು ಸಣ್ಣ ರೋಗ, ಅದನ್ನ ಮುಚ್ಚಿಡೂದು ದೊಡ್ಡ ರೋಗ. ಅದು ಖರೆ ಅವ್ವಾ. ಝರಾಸಂಗಂ ಅನ್ನೂದು ನಾ ಬಿಟ್ಟು ಎಷ್ಟೋ ವರ್ಷ ಆತು. ಕಂಡಕ್ಟರಗ ಮುಂದಿನ ಊರಿನ ಟಿಕೆಟ್ ಕೇಳಿ ನಮ್ಮೂರಾಗ ಇಳೀತೀನಿ. ಹೋಟೆಲಿನಾಗ ಬಾಯಿಗೆ ಬರೂದು ತಿಂತೀನಿ, ಬೇಕಾದ್ದು ಅಲ್ಲ. ನಿನಗ ಇದು ಯಾವತ್ತೂ ಹೇಳಿಲ್ಲ.

ತಾಂಡೂರಿನವರಿಗೆ ಹೇಳಿಬಿಡು. ಇಂಥಾಂವ ಇದ್ದಾನ, ಬೇಕಂದ್ರ ಆಗಲಿ, ಬ್ಯಾಡಂದ್ರ ಬಿಡಲಿ.

ದಶರಥ

•

ಝರಾಸಂಗಂ
17-12-1978

ದಶರಥಗ ಆಶೀರ್ವಾದ.

ಹೇಳಿಬಿಡು ಅಂತ ಬರದಿ. ಬರಿಯೂದು ಹಗುರ. ಹಿಂದ ಕೊಹೀರ್ ಹುಡುಗಿ ಕಡೆಯವರು ಏನು ಅಂದು ಹೋದ್ರು ನೆನಪದೇನು? 'ಹೊಟ್ಟಿಗಿ ಹುಟ್ಟೂ ಮಕ್ಕಳೂ ಹಿಂಗೇ ಆದ್ರ?' ಅಂತ ನನ್ನ ಅಂಗಳದಾಗ ನಿಂತು ಅಂದ್ರು. ನಾ ಒಳಗ ಬಂದು ಜೋಳದ ಗುಮ್ಮಿ ಹಿಂದ ಕುಂತು ಅತ್ತೆ. ಇನ್ನೊಮ್ಮಿ ನನ್ನಿಂದ ಆಗೂದಿಲ್ಲ.

ಅದಕ್ಕ ಒಂದು ಹಾದಿ ಹುಡುಕೀನಿ. ಸಿಟ್ಟಾಗಬ್ಯಾಡ, ಪೂರಾ ಓದು. ನಮ್ಮ ಕಡೆ ಮದುಮಗಳ ಹೆಸರು ಬದಲಿ ಮಾಡೂದು ಅದ ಅಲ್ಲ. ನನ್ನದೂ ತವರಿನ ಹೆಸರು ಬ್ಯಾರೆ ಇತ್ತು, ಈಗ ಯಾರಾದ್ರೂ ಆ ಹೆಸರಿಲೆ ಕರೆದ್ರ ನಾ ತಿರುಗಿ ಸುದ್ದಾ ನೋಡೂದಿಲ್ಲ. ಕ ಆಗೂದಿಲ್ಲ, ದ ಆಗೂದಿಲ್ಲ. ಅ ನಿನ್ನ ಬಾಯಾಗ ಎಂದೂ ಸಿಕ್ಕೊಂಡಿಲ್ಲ. ನನ್ನ 'ಅವ್ವಾ' ಅಂತ ಕರೀಯೂ ಮುಂದ ಒಮ್ಮಿನೂ ತೊದಲಿಲ್ಲ ನೀ. ಅಮೃತಾ ಅಂತ ಇಡೂಣು. ಜೋತಿಷಿ ಹೇಳ್ಯಾನ ಅಂತ ಮಾವನ ಕೈಲೆ ತಾಂಡೂರಿಗೆ ಹೇಳಿಕಳಸೀನಿ. ಇದೂ ಸುಳ್ಳೇ, ಆದ್ರ ಸಣ್ಣದು.

ಅವರಿಗೆ ಜರಾ ಬ್ಯಾಸರ ಆಗ್ಯಾದ. ದೇವರು ಕೂಡಿಸಿದ ಹೆಸರು ಯಾಕ ಬದಲಿ ಅಂದ್ರಂತ. ಆದ್ರೂ ಹೂಂ ಅಂದಾರ. ಇನ್ನೊಂದು ಸುದ್ದಿ ಅದ. ಹಣಮಂತರಾಯರು ನಿನ್ನ ನೋಡಿ ತಾವೂ ಸೋಮವಾರ ಮೌನ ಹಿಡದಾರಂತ. ಹೊಲದಾಳುಗಳಿಗೆ ಕೈ ಸನ್ನಿ ಮಾಡ್ತಾರ, ಅಡತಿ ಅಂಗಡಿಗೆ ಹೋಗೂದಿಲ್ಲ. 'ನಮ್ಮ ಅಳಿಯನಿಂದ ಕಲತೆ' ಅಂತ ಮಂಗಳವಾರ ಊರ ತುಂಬ ಹೇಳ್ತಾರಂತ.

ನಾ ಏನು ಮಾಡಿಟ್ಟೆ.

ಅವ್ವ
ಶಂಕರಮ್ಮ

•

ಹೈದ್ರಾಬಾದ್
28-12-1978

ಅವ್ವಾ,

ನಿನ್ನ ಕಾಗದ ಓದಿ ಎರಡು ದಿನ ಬಿಟ್ಟು ಬರೀತಿದ್ದೀನಿ.

ಅಮೃತಾ ಅಂತ ಅಂದು ನೋಡಿದೆ. ಮೊದಲ ಸಲ ನೀರಿನಾಂಗ ಬಂತು. ಹೊಸ್ತಿಲ, ಅತ್ತೆಂದಿರು, ಮಂದಿ, ಎಲ್ಲಾ ಕಣ್ಣ ಮುಂದ ತಂದ್ಕೊಂಡು ಇನ್ನೊಮ್ಮಿ ಅಂದೆ. ಬಾಯಾಗೇ ಸಿಕ್ಕೊಂಡಿತು. ಈಗ ಅದೂ ಸಿಕ್ಕೊಳ್ತದ. ಮೋಟರ್ ವೈಂಡಿಂಗ್ ಮಾಡೂ ಮುಂದ ಅಮೀರ್‌ಪೇಟ ಅನ್ನಾಕ ಹೋಗಿ ನಿಂತಬಿಟ್ಟೆ. ಅಂಗಡಿ ಶೇಠ್ ನನ್ನ ಮಾರಿ ನೋಡಿದ. ಮೇಡಂಗ ಹೇಳಿದೆ. 'ಅಂಜಿಕಿ ಹೆಸರಿನಾಗ ಇಲ್ಲ, ನೀ ಹೋದಲ್ಲಿ ಅದು ಬರ್ತದ' ಅಂದ್ರು.

ನನಗ ಬಂದಷ್ಟೇ ಅಕ್ಷರ ಇದ್ವು ಅವ್ವಾ. ಅದರಾಗ ಒಂದು ನೀ ಕಸಕೊಂಡಿ.

ಯಾರದೋ ಮಗಳ ಹೆಸರು ನನ್ನ ನಾಲಿಗಿ ಸಲುವಾಗಿ ಕಿತ್ತೂದು ಬ್ಯಾಡ. ಸಂಕ್ರಮಣದೊಳಗ ನೀ ಹೇಳು. ಇಲ್ಲಂದ್ರ ನಾ ಬರೀತೀನಿ.

ದಶರಥ

•

ಝರಾಸಂಗಂ
17-1-1979

ದಶರಥಗ.

ಸಂಕ್ರಮಣದ ದಿನ ಎಳ್ಳು ಬೆಲ್ಲ, ಎಳ್ಳಿನ ಹೋಳಿಗಿ ಕಟಕೊಂಡು ತಾಂಡೂರಿಗೆ ಹೋಗಿದ್ದೆ. ಹೇಳಬೇಕಂತಲೇ ಹೋಗಿದ್ದೆ. ಜಹೀರಾಬಾದಿನಾಗ ಬಸ್ ಬದಲಿ ಮಾಡೂತನ ಮಾತೆಲ್ಲ ಜೋಡಿಸಿಕೊಂಡಿದ್ದೆ. 'ಯಜಮಾನ್ರೇ, ನಮ್ಮ ಹುಡುಗಗ ಮಾತು ಜರಾ ತಡದು ಬರ್ತದ.' ಇಷ್ಟೇ. ಹಾದಿ ಪೂರ್ತಿ ಅಂದುಕೊಂಡೆ. ಪಕ್ಕದಾಕಿ ನನಗ ಹುಚ್ಚು ಅಂತ ಸರದು ಕುಂತಳು.

ಅವರ ಮನ್ಯಾಗ ಕಾಲಿಟ್ಟ ಕೂಡ್ಲೆ ಹಣಮಂತರಾಯರು ತೊಗರಿ ರಾಶಿ ಬಿಟ್ಟು ಎದ್ದು ಬಂದ್ರು. 'ಬರ್ರಿ ಬೀಗತಿ, ನಿಮ್ಮ ಮಗ ನಮ್ಮ ಮನಿಗೆ ಶಾಂತಿ ತಂದ' ಅಂದ್ರು. ನಾ ಎಳ್ಳು ಕೊಟ್ಟೆ, ಎಳ್ಳು ತಗೊಂಡೆ. ಒಳ್ಳೆ ಮಾತಾಡ್ರಿ ಅಂತ ಅಂದು ಎಳ್ಳು ಕೊಡೂ ಹಬ್ಬದಾಗ ಅದನ್ನ ಹ್ಯಾಂಗ ಅನ್ನಲಿ. ಹೇಳದೇ ಒಳಗ ಎದ್ದು ಹೋದೆ.

ಅಡಗಿ ಮನ್ಯಾಗ ಕೌಶಲ್ಯಾ ರೊಟ್ಟಿ ಬಡೀತಿದ್ದಳು. ನನ್ನ ಮಾರಿ ನೋಡದೇ ಕೇಳಿದಳು, 'ಅತ್ತಿ, ಅವರು ಮಂಗಳವಾರ ಮಾತಾಡ್ತಾರೇನ್ರಿ?'

'ಮಾತಾಡ್ತಾನವ್ವ' ಅಂದೆ. 'ಹಾಂಗಾರ ಒಳ್ಳೇದು' ಅಂದು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಆಕಿಗೆ ಏನೋ ಗೊತ್ತದ. ಯಾರು ಹೇಳ್ಯಾರ? ನೀ ಬರದೀದಿ ಏನು? ಇದ್ದದ್ದು ತಿಳಸು. ನಿಮ್ಮಪ್ಪ ಈಶಪ್ಪ ಅಂತೂ 'ನೀನೇ ಹೆಣದ ಗಂಟು, ನೀನೇ ಬಿಚ್ಚು' ಅಂತ ಕಬ್ಬಿಗೆ ನೀರು ಬಿಡಾಕ ಹೋಗ್ಯಾರ.

ಅವ್ವ

•

ತಾಂಡೂರು
28-1-1979

ಶಂಕರಮ್ಮ ಅತ್ತಿಯವರಿಗೆ ಕೌಶಲ್ಯಾ ಮಾಡುವ ನಮಸ್ಕಾರ.

ನಿಮ್ಮ ಮಗ ನನಗ ಬರದಿದ್ದಾರ. ಕಾಗದ ಸಂಕ್ರಮಣ ಆಗಿ ಐದಾರು ದಿನಕ್ಕ ಬಂತು. ನೀವು ಬಂದಾಗ ನನಗ ಏನೂ ಗೊತ್ತಿರಲಿಲ್ಲ. ಸಂಶಯ ಇತ್ತು. ಮೌನ ಹಿಡದವರು ತಣ್ಣಗಿರ್ತಾರ. ಅವತ್ತು ಅವರ ಕುತ್ತಿಗಿ ಬೆವರಿತ್ತು. ಕಾರ್ತಿಕದ ಥಂಡ್ಯಾಗ ಯಾರು ಬೆವರ್ತಾರ ಅಂತ ಅನಿಸಿತ್ತು.

ನಾ ಸೇಡಂದಾಗ ಚಿಕ್ಕವ್ವನ ಮನ್ಯಾಗ ಇದ್ದು ಏಳನೇ ಓದಿದಾಕಿ. ನಮ್ಮ ಕ್ಲಾಸಿನಾಗ ಒಬ್ಬಾಕಿ ಹಿಂಗೇ ತಡದು ಮಾತಾಡ್ತಿದ್ದಳು. ಮಾಸ್ತರ್ ಆಕಿಗೆ ಪಾಠ ಓದಸ್ತಿರಲಿಲ್ಲ. ಬಾವಿಗೆ ಹೋಗೂ ಹಾದ್ಯಾಗ ನನಗ ಮಾತ್ರ ಕಥಿ ಹೇಳ್ತಿದ್ದಳು. ಹೊತ್ತು ಹತ್ತತಿತ್ತು, ಕಥಿ ಚೊಲೋ ಇರ್ತಿತ್ತು. ನನಗ ಅದರದು ಅಂಜಿಕಿ ಇಲ್ಲ.

ಎರಡು ಮಾತು. ನನ್ನ ಹೆಸರು ಹಿಂಗೇ ಇರಲಿ. ನಮ್ಮಪ್ಪಗ ಇದನ್ನ ನಾ ಹೇಳೂದಿಲ್ಲ, ನೀವೂ ಹೇಳಬ್ಯಾಡ್ರಿ ಅಂತ ನಿಮ್ಮ ಮಗಗ ಬರದೀನಿ. ಮೌನ ಅಂತ ಹೇಳಿದವರು ನೀವು, ನೀವೇ ತಿರುಗಿ ಹೇಳ್ಬೇಕು. ಅಪ್ಪ ಬಾಳ ಸಿಟ್ಟಿನವರು. ಊರ ತುಂಬ ಅಳಿಯನ ಹರಕಿ ಹೊಗಳ್ಯಾರ. ಬ್ಯಾರೆಯವರ ಬಾಯಿಂದ ಗೊತ್ತಾದ್ರ ಲಗ್ನ ಮುರೀತಾರ, ನನ್ನ ಮಾತು ಕೇಳೂದಿಲ್ಲ.

ಮೈಸಮ್ಮ ಆಯಿಗೆ ನಿಮ್ಮ ಎಳ್ಳಿನ ಹೋಳಿಗಿ ಬಾಳ ಸೇರ್ಯಾವ.

ಕೌಶಲ್ಯಾ

•

ಝರಾಸಂಗಂ
7-2-1979

ದಶರಥಗ ಆಶೀರ್ವಾದ.

ಹೇಳಿ ಬಂದೆ. ಮೊದಲು ಅದನ್ನ ಬರೀತೀನಿ, ಇಲ್ಲಂದ್ರ ಕೈ ನಿಲ್ತದ.

ಮನ್ಮಥಪ್ಪ ಮಾವಗ ಕರದೆ. 'ನಾ ಬರೂದಿಲ್ಲಕ್ಕ, ಹಣಮಂತರಾಯ ನನ್ನ ಧೋತರ ಬಿಚ್ಚಿಕೊಂಡು ಕಳಸ್ತಾನ' ಅಂದ. ನಾನು, ನಿಮ್ಮಪ್ಪ ಹೋದ್ವಿ. ಸೋಮವಾರವೇ ಹೋದ್ವಿ. ಬೇಕಂತಲೇ. ಸೋಮವಾರ ಅವರು ಬೈಯೂದಿಲ್ಲ ಅಂತ ಲೆಕ್ಕ ಹಾಕಿದ್ದೆ. ನಿನಗ ನಾಚಿಕಿ ಆಗ್ತದ ಇದನ್ನ ಓದಿ, ಆಗಲಿ.

ಅವರು ಬೀಜಕ್ಕ ತೊಗರಿ ಆರಸಾಕ ಹತ್ತಿದ್ರು. ನಕ್ಕು, ಕುಂದ್ರಾಕ ಕೈ ಸನ್ನಿ ಮಾಡಿದ್ರು. ನಾ ಶುರು ಮಾಡಿದೆ. ಮೊದಲ ಮಾತು ಹೊರಡಲಿಲ್ಲ. ತುಟಿ ಕೂಡಿದ್ವು, ಬಿಡಲಿಲ್ಲ. ನಿಮ್ಮಪ್ಪ ಬಾಯಿ ಹಾಕಾಕ ಬಂದ್ರು, ಸುಮ್ಮಿರ್ರಿ ಅಂತ ಕೈ ಹಿಡದೆ. ಆಮ್ಯಾಲ ಒಂದೇ ಉಸುರಿಲೆ ಎಲ್ಲಾ ಹೇಳಿದೆ. ತೊದಲು, ಮೌನ, ಜೋತಿಷಿ, ಹೆಸರು.

ಅವರ ಕೈ ತೊಗರ್ಯಾಗ ನಿಂತಿತು. ಮಾರಿ ಕೆಂಪಾತು. ಎದ್ದು ನಿಂತ್ರು. ಬಾಯಿ ತೆರೆದ್ರು. ಮೈಸಮ್ಮ ಕುಂತಲ್ಲಿಂದಲೇ, 'ಹಣಮ್ಯಾ, ದೇವರಿಗೆ ಮಾತು ಕೊಟ್ಟೀದಿ. ಅವರು ಸುಳ್ಳು ಹೇಳಿದ್ರ ಹೇಳಲಿ, ನಿನ್ನ ಹರಕಿ ಖರೇದು' ಅಂದಳು. ಅವರು ಬಾಯಿ ಮುಚ್ಚಿಕೊಂಡು ಹೊಲದ ಕಡೆ ನಡೆದ್ರು.

ದೀಪ ಹಚ್ಚೂತನ ನಾವು ಪಡಸಾಲಿದಾಗೇ. ಹೋಗ್ರಿ ಅನ್ನೂರಿಲ್ಲ, ಇರ್ರಿ ಅನ್ನೂರಿಲ್ಲ. ಬೈದಿದ್ರ ಅಳತಿದ್ದೆ, ಅತ್ತು ಹಗುರ ಆಗ್ತಿದ್ದೆ. ಕೌಶಲ್ಯಾ ತಾಟು ತಂದಿಟ್ಟಳು, ಉಣ್ಣಾಕ ಆಗಲಿಲ್ಲ. ಅವರು ಬಂದು, ಕಾಲು ತೊಳದು, ಪೂಜಿ ಮಾಡಿ, ಎರಡು ತುತ್ತು ಉಂಡು ನನ್ನ ಎದುರು ಕುಂತ್ರು.

'ಇವತ್ತೇ ಯಾಕ ಬಂದ್ರಿ ಅಂತ ತಿಳೀತು ನನಗ' ಅಂದ್ರು.

'ಹೂಂನ್ರಿ' ಅಂದೆ.

'ಬೆಳಿಗ್ಗಿ ನನ್ನ ಬಾಯಾಗ ಬಂದದ್ದು ಹೊರಗ ಬಿದ್ದಿದ್ರ ನೀವು ಬಸ್ ಸ್ಟ್ಯಾಂಡಿನತನ ಓಡ್ತಿದ್ರಿ.'

ನಾ ತಲಿ ಬಗ್ಗಿಸಿದೆ.

'ಹೂಂ ಅನ್ನೂದಿಲ್ಲ, ಊಹೂಂ ಅನ್ನೂದಿಲ್ಲ. ಐತವಾರ ನಿಮ್ಮ ಮಗ ಬರಲಿ. ಒಬ್ಬನೇ. ನೀವು ಬ್ಯಾಡ, ನಿಮ್ಮ ತಮ್ಮಂತೂ ಬ್ಯಾಡೇ ಬ್ಯಾಡ. ನಾ ಆತಗ ಕೇಳಬೇಕಾದ್ದು ಕೇಳ್ತೀನಿ.'

ಅಷ್ಟೇ. ಹೋಗು ಮಗನ. ಏನು ಉಟಗೊಂಡು ಹೋಗ್ತೀದಿ? ಆ ಬಿಳಿ ಅಂಗಿ ಇಸ್ತ್ರಿ ಮಾಡಸು. ಹಾದ್ಯಾಗ ತಣ್ಣಂದು ಕುಡೀಬ್ಯಾಡ, ಗಂಟಲ ಕಟ್ತದ. ಕುಡದ್ರ ಏನಾಗೂದಿಲ್ಲ ಅಂತ ನಿಮ್ಮ ಮೇಡಂ ಅಂದಿರಬೇಕು, ಆದ್ರೂ ಬ್ಯಾಡ.

ಅವ್ವ

•

ಹೈದ್ರಾಬಾದ್
13-2-1979

ಅವ್ವಾ,

ಹೋಗಿ ಬಂದೆ. ಹಣಮಂತರಾಯರು ಅದೇ ಪಡಸಾಲಿದಾಗ, ಅದೇ ಮಾತು ಕೇಳಿದ್ರು. ಏನು ಕೆಲಸ ಮಾಡ್ತೀ ಅಂತ.

ನಾ ಮೋಟರ್ ಅನ್ನೂದ್ರಾಗ ಸಿಕ್ಕೊಂಡೆ. ಅವರಿಗೆ ತಡಿಲಿಲ್ಲ. 'ಮೋಟರ್ ಗಾಡಿ ಓಡಸ್ತೀದಿ?' ಅಂದ್ರು. ಅಲ್ಲ ಅಂತ ಗೋಣು ಹಾಕಿದೆ. 'ಮೋಟರ್ ಕಂಪನಿದಾಗ ಹಮಾಲಿ?' ಅಲ್ಲ. 'ಮತ್ತೇನು ಮೋಟರ್ ಕದೀತೀದೇನು?' ಮೈಸಮ್ಮ ಆಯಿ ನಕ್ಕಳು, ನನಗೂ ನಗು ಬಂತು. ಒಳಗಿಂದ ಕೌಶಲ್ಯಾ ಅಂದಳು, 'ಅಪ್ಪಾ, ಅವರದು ಅವರಿಗೆ ಬಿಡ್ರಿ.'

ಅವರು ಸುಮ್ಮನಾದ್ರು. ನಾ ಕಣ್ಣು ಕೆಳಗ ಹಾಕಲಿಲ್ಲ. ಮೇಡಂ ಹೇಳಿದ್ಹಾಂಗ ಉಸುರು ಬಿಟ್ಟು, ಮೊದಲ ಅಕ್ಷರ ಎಳದು ಅಂದೆ. 'ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತತೀನ್ರಿ.' ಬಾಳ ಹೊತ್ತು ಹಿಡೀತು. ನಡಬರಕ ಎರಡು ಕಡೆ ನಿಂತೆ. ಅವರು ಒಮ್ಮಿ ಜಂತಿ ನೋಡಿದ್ರು, ಒಮ್ಮಿ ನೆಲ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ಮತ್ತ ಕೇಳಿದ್ರು. ಮತ್ತ ಹೇಳಿದೆ. ಅವರಿಗೆ ಸುಸ್ತಾತು, ನನಗೂ ಆತು.

ಕಡಿಗೆ ಹೂಂ ಅಂದ್ರು. ಆದ್ರ ಒಂದು ಮಾತು ಅಂದ್ರು: ಹೊಸ್ತಿಲದ ಒಡಪು ತೆಗದುಬಿಡೂಣು, ಮಂದಿ ನಗೂದು ಬ್ಯಾಡ, ಬೀಗತಿಗೆ ನಾ ಹೇಳ್ತೀನಿ ಅಂತ. ನಾ ಬ್ಯಾಡಂದೆ. ಹೇಳ್ತೀನಿ ಅಂದೆ. ಕೌಶಲ್ಯಾ ಅಂತಲೇ ಹೇಳ್ತೀನಿ.

ಅಲ್ಲಿ ನಾ ಸಿಕ್ಕೊಳ್ತೀನಿ ಅವ್ವಾ. ಇದು ಈಗೇ ತಿಳಕೋ. ಸಿಕ್ಕೊಂಡಾಗ ಯಾರೂ ನನ್ನ ಮಾತು ಮುಗಸೂದು ಬ್ಯಾಡ. ಮಾವ ಬ್ಯಾಡ, ಅತ್ತೆಂದಿರು ಬ್ಯಾಡ. ಎಲ್ಲಾರಕಿಂತ ಮೊದಲು ನೀ ಬ್ಯಾಡ.

ದಶರಥ

•

ಝರಾಸಂಗಂ
19-2-1979

ದಶರಥಗ ಆಶೀರ್ವಾದ.

ನೀ ಬರದ ಕಡೀ ಸಾಲು ನನ್ನ ಎದ್ಯಾಗ ಕುಂತದ. ನೀ ಸಣ್ಣಂವ ಇದ್ದಾಗಿಂದ ನಿನ್ನ ಅರ್ಧ ಮಾತು ನಾನೇ ಮುಗಸೀನಿ. ನಿನಗ ತ್ರಾಸ ಆಗಬಾರದಂತ. ನೀ ಬಾಯಿ ತೆರೆದ್ರ ನನಗ ಗೊತ್ತಾಗ್ತದ, ನಾ ತಾಯಿ ಅಂತ ಮಂದಿ ಮುಂದ ಅಭಿಮಾನ ಬ್ಯಾರೆ. ಈಗ ಜೋಳ ಹಸನ ಮಾಡೂ ಮುಂದ ಒಂದೊಂದೇ ನೆನಪಾಗಾಕ ಹತ್ಯಾವ. ನಾ ಅಂದದ್ದೇ ನೀ ಅನ್ನಾಕ ಹತ್ತಿದ್ದೋ, ಬ್ಯಾರೇದೋ? ತಕರಾರು ಮಾಡೂದಕಿಂತ ಗೋಣು ಹಾಕೂದು ಹಗುರ ಅಂತ ಬಿಟ್ಟಿದ್ದೋ?

ಒಂದು ಕೇಳ್ತೀನಿ, ಅಂಜಿಕೋತನೇ ಕೇಳ್ತೀನಿ. ಮೊದಲ ಸಲ ತಾಂಡೂರಿನಾಗ ಮಾವ 'ಹುಡುಗಿ ಒಪ್ಪಿಗಿ ಏನಪಾ' ಅಂದ. ನೀ ಒಳಬಾಗಿಲ ಕಡೆ ನೋಡಿ ಗೋಣು ಎತ್ತಿದಿ. ಕೌಶಲ್ಯಾ ಅಲ್ಲೇ ನಿಂತಿದ್ದಳು. 'ಹೂಂ ಅಂದ' ಅಂತ ಮಾವ ಅಂದ. 'ಹೂಂ ಅಂದ್ನರಿ' ಅಂತ ನಾನೂ ಅಂದೆ. ಅದರ ಮ್ಯಾಲೇ ಎಲ್ಲಾ ನಡದದ. ಲಗ್ನದ ಅಕ್ಕಿ ಕೇರಾಕ ಓಣ್ಯಾಕಿಗಳಿಗೆ ಹೇಳಿಕಳಸೀನಿ.

ಅವತ್ತು ನೀ ಏನು ಅನ್ನಾಕ ಹತ್ತಿದ್ದಿ? ನಿನಗ ಮನಸಿಲ್ಲಂದ್ರ ಈಗೂ ಹೇಳು. ನಾನೇ ಹೋಗಿ ಅವರ ಕಾಲು ಹಿಡೀತೀನಿ. ಈ ಸಲ ಸೋಮವಾರ ಹೋಗೂದಿಲ್ಲ, ಯಾವಾಗ ಬೈದ್ರೂ ಬೈಲಿ. ನಿನ್ನ ಕಾಗದ ಬರೂತನ ಅಕ್ಕಿ ಮುಟ್ಟೂದಿಲ್ಲ.

ಅವ್ವ

•

ಹೈದ್ರಾಬಾದ್
23-2-1979

ಅವ್ವಾ,

ಬಾಗಿಲ ಹಂತೇಲಿ ನೀರಿನ ಹಂಡೆ ಇತ್ತು. ನನಗ ನೀರಡಿಕಿ ಆಗಿತ್ತು.

ನೀ ಮೌನ ಅಂದುಬಿಟ್ಟಿದ್ದಿ, ಮೌನ ಹಿಡದವ ಬಾಯಿ ಬಿಟ್ಟು ಹ್ಯಾಂಗ ಕೇಳ್ಬೇಕು? ಹಂಡೇ ಕಡೆ ನೋಡಿ ಗೋಣು ಎತ್ತಿದೆ. ನಡಬರಕ ಆಕಿ ನಿಂತಿದ್ದಳು. ಆಕಿ ಮಾರಿನೂ ನಾ ನೆಟ್ಟಗ ನೋಡಿರಲಿಲ್ಲ. ಎಲ್ಲಾರೂ ಸಕ್ಕರಿ ಹಂಚಿದ್ರು, ನೀರು ಯಾರೂ ಕೊಡಲಿಲ್ಲ. ಸ್ಟೇಷನ್ ನಳದಾಗ ಕುಡದೆ. ರೈಲಿನಾಗ ಕುಂತ ಮ್ಯಾಲ, ನನ್ನ ಲಗ್ನ ಪಕ್ಕಾ ಆಗ್ಯಾದ ಅಂತ ತಿಳೀತು.

ಸಿಟ್ಟು ಆಗ ಇತ್ತು. ಕೌಶಲ್ಯಾಗ ಬರದ ಕಾಗದದಾಗ ಇದನ್ನೂ ಬರದಿದ್ದೆ. 'ಹಾಂಗಾರ ನನಗೂ ಯಾರೂ ಕೇಳಿಲ್ಲ, ನೀವು ಬಂದು ಕೇಳ್ರಿ' ಅಂತ ಉತ್ತರ ಬಂತು. ಆ ಐತವಾರ, ಅವರಪ್ಪ ಹೂಂ ಅಂದು ಬೆಲ್ಲ ತರಾಕ ಅಂಗಡಿಗೆ ಹೋದಾಗ ಕೇಳಿದೆ. ಕೇಳಾಕ ಬಾಳ ಹೊತ್ತಾತು. ಆಕಿ ಕೈಯಾಗಿನ ಮೊರ ಕೆಳಗಿಟ್ಟು ನಿಂತಳು. ಪೂರಾ ಕೇಳಿದ ಮ್ಯಾಲೇ ಹೂಂ ಅಂದಳು.

ನನಗ ಮನಸ್ಸದ ಅವ್ವಾ. ಅವತ್ತಿಂದು ಮಾವ ಅಂದದ್ದು, ಇದು ನಾ ಅಂತಿರೂದು. ಅಕ್ಕಿ ಮುಟ್ಟು.

ಹೊಸ್ತಿಲದಾಗ ಹೊತ್ತಾಗ್ತದ. ಅತ್ತೆಂದಿರಿಗೆ ಕುಂದ್ರಾಕ ಚಾಪಿ ಹಾಸಿಡು.

ನಿನ್ನ ಮಗ
ದಶರಥ